ಯಾವ ಕಡೆಯಿಂದ ಹತ್ತಿದೆ

ನನ್ನ ಮಾವ ವಿಂಕೊ ಯಾರನ್ನೂ "ತ್ರಿಗ್ಲಾವ್ ಹತ್ತಿದ್ದೀಯಾ?" ಎಂದು ಕೇಳುವುದಿಲ್ಲ. "ಯಾವ ಕಡೆಯಿಂದ ಹತ್ತಿದೆ?" ಎಂದು ಕೇಳುತ್ತಾರೆ. ನಮ್ಮ ದೇಶದ ಆ ಅತಿ ಎತ್ತರದ ಬೆಟ್ಟ ಹತ್ತದ ಸ್ಲೊವೇನಿಯನ್ನರೂ ಇರಬಹುದೆಂಬುದು ಅವರ ತಲೆಗೇ ಬರುವುದಿಲ್ಲ. ಹದಿನೈದು ವರ್ಷದ ಹಿಂದೆ, ಈಗ ನನ್ನ ಗಂಡನಾದ ಗಾಶ್ಪೆರ್ ನನ್ನನ್ನು ಮೊದಲ ಸಲ ತನ್ನ ಮನೆಗೆ ಕರೆದುಕೊಂಡು ಹೋದ ಭಾನುವಾರ, ಸೂಪಿನ ಬಟ್ಟಲನ್ನು ನನ್ನ ಕಡೆ ಸರಿಸುತ್ತ ಅವರು ಅದನ್ನೇ ಕೇಳಿದರು.

"ಕೋತ್ ಕಣಿವೆ ಕಡೆಯಿಂದ," ಎಂದೆ.

ಹದಿನೆಂಟರ ವಯಸ್ಸಿನಲ್ಲಿ ಶಾಲೆಯ ಗುಂಪಿನ ಜೊತೆ ಕೋತ್ ಕಣಿವೆಯಿಂದ ಹೊರಟಿದ್ದು ನಿಜ. ಮೇಲಿನ ತಂಗುಮನೆಯನ್ನು ದಾಟಿ, ಬಂಡೆಗೋಡೆ ಶುರುವಾಗುವಲ್ಲಿ, ಹತ್ತುವವರ ಆಸರೆಗೆ ಹೊಡೆದ ಎರಡನೆಯ ಕಬ್ಬಿಣದ ಮೊಳೆ ಹಿಡಿದವಳು ಅಲ್ಲೇ ನಿಂತುಬಿಟ್ಟೆ. ಕೈ ಬಿಡಲಾಗಲಿಲ್ಲ, ಕಾಲು ಎತ್ತಲಾಗಲಿಲ್ಲ. ನನ್ನ ಹಿಂದೆ ಹನ್ನೆರಡು ಜನ ಸಾಲುಗಟ್ಟಿ ಕಾದರು. ಕೊನೆಗೆ ಮೇಷ್ಟ್ರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೆಳಗಿಳಿಸಿದರು. ಉಳಿದವರು ಶಿಖರಕ್ಕೆ ಹೋಗಿ ಬರುವ ತನಕ ನಾನು ತಂಗುಮನೆಯ ಬೆಂಚಿನ ಮೇಲೆ ಕೂತು ನಿಂಬೆ ಹಿಂಡಿದ ಚಹಾ ಕುಡಿದೆ.

ಇಷ್ಟನ್ನು ಆ ಭಾನುವಾರವೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ವಿಂಕೊ ಪರ್ವತ ರಕ್ಷಣಾ ದಳದಲ್ಲಿದ್ದವರು. ಬಂಡೆಯ ಮೇಲೆ ಹೆದರಿ ಅಂಟಿಕೊಂಡವರನ್ನು ಹಗ್ಗ ಕಟ್ಟಿ ಇಳಿಸಿದ ಕಥೆಗಳನ್ನು ಅವತ್ತು ಊಟದುದ್ದಕ್ಕೂ ಹೇಳಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಕಥೆಗಳ ಪಕ್ಕದಲ್ಲಿ ನನ್ನದನ್ನು ತಂದಿಡಲು ಮನಸ್ಸಾಗಲಿಲ್ಲ.

ನಾನು ಕ್ರಾನ್ ಪಟ್ಟಣದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. 'ಊಟಕ್ಕೆ ಮೊದಲು' ಎಂಬುದಕ್ಕೂ 'ಊಟದ ಜೊತೆ' ಎಂಬುದಕ್ಕೂ ಎಷ್ಟು ಅಂತರವಿದೆ ಎಂದು ದಿನಕ್ಕೆ ಐವತ್ತು ಸಲ ಬಿಡಿಸಿ ಹೇಳುತ್ತೇನೆ. ಅಂಥವಳು ಮನೆಯಲ್ಲಿ ಒಂದು ಅರೆಮಾತನ್ನು ಹದಿನೈದು ವರ್ಷ ಸಾಕಿದೆ. ಬರಬರುತ್ತ ಅದಕ್ಕೆ ಕೈಕಾಲು ಮೂಡಿದವು. ಶಿಖರದ ಮೇಲಿರುವ ಪುಟ್ಟ ಲೋಹದ ಗೋಪುರದ ಮಾತು ಬಂದಾಗ "ಅಯ್ಯೋ, ಒಳಗೆ ನಾಲ್ಕು ಜನ ನಿಂತರೆ ಉಸಿರು ಕಟ್ಟುತ್ತೆ" ಎಂದಿದ್ದೆ. ಅದನ್ನು ನೋಡಿದ್ದು ಫೋಟೊದಲ್ಲಿ. ಮೊದಲ ಸಲ ಹತ್ತಿದವರನ್ನು ಅಲ್ಲಿ ಬಗ್ಗಿಸಿ, ಹಿಂಬದಿಗೆ ಹಗ್ಗದಿಂದ ಮೂರು ಏಟು ಕೊಡುವುದು ನಮ್ಮವರ ವಾಡಿಕೆ. ನಿನಗೆ ಹೊಡೆದವರು ಯಾರು ಎಂದು ನಾದಿನಿ ಕೇಳಿದಾಗ ಮೇಷ್ಟ್ರ ಹೆಸರು ಹೇಳಿದೆ. ಅಷ್ಟರಲ್ಲಿ ಆ ಪುಣ್ಯಾತ್ಮರು ತೀರಿಕೊಂಡಿದ್ದರು. ಸತ್ತವರ ಹೆಸರಿನಲ್ಲಿ ಸುಳ್ಳು ಹೇಳಿದೆನಲ್ಲ ಎಂದು ಅವತ್ತು ರಾತ್ರಿ ಊಟ ಸೇರಲಿಲ್ಲ. ಆದರೂ ತಿದ್ದಿಕೊಳ್ಳಲಿಲ್ಲ.

ಈ ಆಗಸ್ಟಿನಲ್ಲಿ ನಮ್ಮ ಮಗಳು ನೇಜಾಗೆ ಹನ್ನೊಂದು ತುಂಬಿತು.

"ಇನ್ನು ಇವಳ ಸರದಿ," ಎಂದರು ವಿಂಕೊ.

ಬೋಹಿನ್ ಸರೋವರದ ಹತ್ತಿರ ಒಂದು ವಾರಕ್ಕೆ ಮನೆ ಬಾಡಿಗೆಗೆ ಹಿಡಿದಿದ್ದೆವು. ನನ್ನ ಮಾವನಿಗೆ ರಜೆ ಎಂದರೆ ಬೇರೆ ಊರಿಗೆ ಹೋಗಿ ಸುಸ್ತಾಗುವುದು. ಬಂದ ದಿನವೇ ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದರು: ಸೋಮವಾರ ಸೈಕಲ್, ಮಂಗಳವಾರ ದೋಣಿ, ಬುಧವಾರ ವಿಶ್ರಾಂತಿ. ವಿಶ್ರಾಂತಿ ಎಂದರೆ ಸರೋವರದಲ್ಲಿ ಈ ದಡದಿಂದ ಆ ದಡಕ್ಕೆ ಈಜು. ಗುರುವಾರ ಪ್ಲಾನಿಕಾ ತಂಗುಮನೆ. ಶುಕ್ರವಾರದ ಮುಂದೆ ಏನೂ ಬರೆದಿರಲಿಲ್ಲ, ಮೂರು ಮೊನೆಯ ತ್ರಿಗ್ಲಾವ್ ಚಿತ್ರವೊಂದನ್ನು ಬಿಡಿಸಿದ್ದರು.

ನಾನು ದಿನಕ್ಕೆ ಐದಾರು ಸಲ ಫೋನಿನಲ್ಲಿ ಹವಾಮಾನ ನೋಡುತ್ತಿದ್ದೆ.

"ಎಷ್ಟು ಸಲ ನೋಡ್ತೀಯೆ ಅದನ್ನ? ನೋಡಿದ್ರೆ ಮೋಡ ಓಡಿಹೋಗುತ್ತಾ?" ಎಂದು ಗಾಶ್ಪೆರ್ ರೇಗಿಸಿದ.

ಮೋಡ ಬರಲಿ ಎಂದು ನೋಡುತ್ತಿದ್ದೇನೆಂದು ಅವನಿಗೆ ಹೇಗೆ ಹೇಳುವುದು? ಗುಡುಗು ಸಹಿತ ಮಳೆ, ಆಲಿಕಲ್ಲು, ಏನಾದರೂ ಸರಿ. ಶುಕ್ರವಾರದ ಚೌಕದಲ್ಲಿ ಪ್ರತಿ ಸಲವೂ ಅದೇ ಹಳದಿ ಸೂರ್ಯ.

ಇನ್ನೊಂದನ್ನೂ ನಾನು ನೋಡುತ್ತಿದ್ದೆ. ಸೋಮವಾರ ಇಳಿಜಾರಿನಲ್ಲಿ ಅಜ್ಜ ಮೊಮ್ಮಗಳು ಸೈಕಲ್ ಬಿಟ್ಟಾಗ ನೇಜಾ ಎರಡೂ ಬ್ರೇಕನ್ನು ಒತ್ತಿ ಹಿಡಿದೇ ಇಳಿದಳು. ಕೆಳಗೆ ತಲುಪಿದಾಗ ತುಟಿ ಬಿಳಿಚಿತ್ತು. "ಮಜಾ ಬಂತಾ?" ಎಂದು ಅಜ್ಜ ಕೇಳಿದರೆ "ಸಖತ್ತಾಗಿತ್ತು" ಎಂದಳು. ಆ ಬಿಳಿಚಿದ ತುಟಿ ಯಾರದೆಂದು ನನಗೆ ಗೊತ್ತು. ಆ ಉತ್ತರ ಯಾರದೆಂಬುದೂ ಗೊತ್ತು.

ಗುರುವಾರ ಬೆಳಿಗ್ಗೆ ಪೊಕ್ಲ್ಯುಕಾದ ಹುಲ್ಲುಗಾವಲಿನಲ್ಲಿ ಕಾರು ನಿಲ್ಲಿಸಿ ಹೊರಟೆವು. ಕುಳ್ಳ ಪೈನ್ ಪೊದೆಗಳ ನಡುವೆ ದಾರಿ ಏರುತ್ತ ಹೋಗುತ್ತದೆ. ಎದುರು ಬಂದವರೆಲ್ಲರಿಗೂ ನಮಸ್ಕಾರ ಹೇಳಬೇಕು. ನೇಜಾ ಮೊದಲ ಒಂದು ಗಂಟೆ ಎಣಿಸುತ್ತ ಹೋಗಿ, ಅರವತ್ತೆರಡಕ್ಕೆ ಸಾಕಾಗಿ ಬಿಟ್ಟಳು.

"ಮಾವ, ನೀವು ನೀರು ಕುಡಿದ್ರಾ?" ಎಂದು ನಾನು ಕೇಳಿದ್ದಕ್ಕೆ ವಿಂಕೊ ಕೋಲೂರಿ ನಿಂತರು.

"ಏನಂದೆ? ಇಲ್ಲಿ ಎಷ್ಟು ಎತ್ತರ ಗೊತ್ತಾ?"

"ಗೊತ್ತು, ಗೊತ್ತು. ನೀನು ನೀರು ಕುಡಿದ್ಯಾ, ಮಾವ?"

"ಹಾಂ, ಹಾಗನ್ನು."

ಸಾವಿರ ಮೀಟರಿನ ಮೇಲೆ ಯಾರಿಗೂ ಯಾರೂ 'ನೀವು' ಅನ್ನಬಾರದು, ಮಂತ್ರಿಯಾದರೂ 'ನೀನು' ಎಂಬುದು ಬೆಟ್ಟದವರ ನಿಯಮ. ಕೆಳಗೆ ಹದಿನೈದು ವರ್ಷದಿಂದ 'ನೀವು' ಅಂದು ಅಭ್ಯಾಸವಾದ ನನ್ನ ನಾಲಿಗೆ ಪ್ರತಿ ಬೇಸಿಗೆಯೂ ಇಲ್ಲಿ ತಡವರಿಸುತ್ತದೆ.

ನಡುದಾರಿಯಲ್ಲಿ, ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ, ಬ್ರೆಡ್ಡು, ಗಟ್ಟಿ ಸಾಸೇಜು ಬಿಚ್ಚಿಕೊಂಡು ಕೂತಾಗ ವಿಂಕೊ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿಕೊಂಡರು. ಆ ಮಂಡಿ ನೋಯುತ್ತಿದೆಯೆಂದು ಬುಧವಾರ ಮೆಟ್ಟಿಲಿಳಿಯುವಾಗಲೇ ನಾನು ಕಂಡಿದ್ದೆ.

"ನಾನು ತಂಗುಮನೆ ತನಕ ಅಷ್ಟೇ," ಎಂದರು. ದನಿಯಲ್ಲಿ ದುಃಖ ತೋರಬಾರದೆಂದು ಬಾಯಿತುಂಬ ಬ್ರೆಡ್ ತುಂಬಿಕೊಂಡಿದ್ದರು. "ನಾಳೆ ಮೇಲಕ್ಕೆ ನೀವು ಮೂವರೇ. ಮುಂದೆ ಗಾಶ್ಪೆರ್, ನಡುವೆ ಹುಡುಗಿ, ಹಿಂದೆ ನೀನು, ಮೆಟ್ಕಾ."

ಈ ತನಕ ಎಲ್ಲ ಯೋಜನೆಯಲ್ಲೂ ಹುಡುಗಿಯ ಹಿಂದೆ ಇದ್ದವರು ವಿಂಕೊ. ನಾನು ಅವರ ಹಿಂದೆ, ಎಲ್ಲರ ಕೊನೆಗೆ. ನಿಂತುಬಿಟ್ಟರೆ ನಾನೊಬ್ಬಳೇ ನಿಂತುಬಿಡುತ್ತೇನೆ ಎಂದುಕೊಂಡಿದ್ದೆ.

"ಹಿಂದಿನವಳ ಕೆಲಸ ಏನು ಗೊತ್ತಲ್ಲ?" ವಿಂಕೊ ಚಾಕುವನ್ನು ನನ್ನ ಕಡೆ ಆಡಿಸಿದರು. "ಹುಡುಗಿ ಸೊಂಟಪಟ್ಟಿಯ ಎರಡು ಕೊಕ್ಕೆ ತಂತಿಗೆ ಸಿಕ್ಕಿಸಿರುತ್ತೆ, ಪ್ರತಿ ಮೊಳೆ ಹತ್ರ ಅವನ್ನ ಬದಲಾಯಿಸ್ತಾಳೆ. ಒಂದು ತೆಗೆದು ಆ ಕಡೆ ಹಾಕಿ, ಆಮೇಲೆ ಇನ್ನೊಂದು. ಎರಡೂ ಒಟ್ಟಿಗೆ ತೆಗೆದ್ಲೋ, ಮುಗೀತು. ಗಾಶ್ಪೆರ್‌ಗೆ ಹಿಂದೆ ಕಣ್ಣಿಲ್ಲ. ಅದನ್ನ ನೋಡೋದು ನಿನ್ನ ಕೆಲಸ. ಕಾಲು ಸಿಗದೆ ಒದ್ದಾಡಿದ್ರೆ ಪಾದ ಹಿಡಿದು ಜಾಗಕ್ಕೆ ಇಡಬೇಕು."

"ಅಮ್ಮ ನೋಡ್ತಾಳೆ ಬಿಡಜ್ಜ," ಎಂದಳು ನೇಜಾ. "ಅವಳು ನಾನು ಹಲ್ಲುಜ್ಜೋದನ್ನೂ ನೋಡ್ತಾಳೆ."

ಎಲ್ಲರೂ ನಕ್ಕರು. ನಾನು ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿದೆ, ಮತ್ತೆ ತಿರುಗಿಸಿದೆ.

ಮತ್ತೆ ನಡೆಯತೊಡಗಿದಾಗ ಗಾಶ್ಪೆರನ ಜೊತೆ ಹೆಜ್ಜೆ ಹಾಕಿದೆ. ಅಜ್ಜ ಮೊಮ್ಮಗಳು ಮುಂದೆ ಹೋಗಿದ್ದರು.

"ಗಾಶ್ಪೆರ್, ನನಗೆ ಆ ದಾರಿ ಸರಿಯಾಗಿ ನೆನಪಿಲ್ಲ."

"ನೆನಪು ಯಾಕೆ? ತಂತಿ ಇರುತ್ತೆ, ಹಿಡ್ಕೊಂಡು ಹೋಗೋದು."

"ಹಿಂದೆ ನಾನು ಬೇಡ ಅನ್ಸುತ್ತೆ."

"ನಿನಗಿಂತ ಒಳ್ಳೇ ಕಾವಲು ಈ ದೇಶದಲ್ಲಿ ಸಿಗಲ್ಲ ಕಣೆ," ಎಂದು ನನ್ನ ಬೆನ್ನುಚೀಲವನ್ನು ತಟ್ಟಿ ಮುಂದೆ ಹೋದ.

ನೆನಪಿಲ್ಲ ಎಂದೆನಲ್ಲ! ಇಲ್ಲದ್ದನ್ನು ಮರೆತೆ ಎಂದು ಹೇಳಿದಂತಾಯಿತು. ಆಮೇಲಿನ ಎರಡು ಗಂಟೆ ಪ್ರತಿ ತಿರುವಿನಲ್ಲೂ 'ಇಲ್ಲಿ ಹೇಳುತ್ತೇನೆ' ಎಂದುಕೊಂಡೆ. ತಿರುವು ಮುಗಿಯುತ್ತಿತ್ತು. ಮರಗಳು ಹೋದವು, ಪೊದೆಗಳು ಹೋದವು, ಕೊನೆಗೆ ಹುಲ್ಲೂ ಹೋಗಿ ಬರೀ ಬಿಳಿ ಕಲ್ಲು ಉಳಿಯಿತು.

ಪ್ಲಾನಿಕಾ ತಲುಪಿದಾಗ ನಾಲ್ಕು ಗಂಟೆ. ತಂಗುಮನೆಯ ಯಜಮಾನಿ ಟೋಂಚ್ಕಾ ಬಾಗಿಲಲ್ಲೇ ವಿಂಕೊನ ಹೆಗಲಿಗೆ ಗುದ್ದಿದಳು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

"ಇನ್ನೂ ಬದುಕಿದ್ದೀಯಾ, ಮುದುಕ?"

"ನಿನ್ನ ಬಾರ್ಲಿ ಗಂಜಿ ತಿಂದೂ ಬದುಕಿದ್ದೀನಿ ಅಂದ್ರೆ ಯೋಚನೆ ಮಾಡು."

"ಇದು ಯಾರು, ಮೊಮ್ಮಗಳಾ? ನಾಳೆ ಏಟು ತಿನ್ನೋಳು ಇವಳೇನಾ? ಒಳ್ಳೇ ದಪ್ಪ ಪ್ಯಾಂಟ್ ಹಾಕ್ಕೊಂಡು ಹೋಗು ಮರಿ."

ಒಳಗೆ ಮೇಜಿನ ಮೇಲೆ ಬಂದವರ ಪುಸ್ತಕವಿತ್ತು. ಹೆಸರು, ಊರು, ಎಲ್ಲಿಂದ, ಎಲ್ಲಿಗೆ. ಏನಾದರೂ ಹೆಚ್ಚುಕಡಿಮೆಯಾದರೆ ರಕ್ಷಣಾ ದಳ ಮೊದಲು ತೆರೆಯುವುದು ಅದನ್ನೇ. ವಿಂಕೊ ಕನ್ನಡಕ ಹಾಕಿಕೊಂಡು ನಾಲ್ವರ ಹೆಸರನ್ನೂ ದುಂಡಗೆ ಬರೆದರು. ತಮ್ಮ ಹೆಸರಿನ ಮುಂದೆ 'ಪ್ಲಾನಿಕಾ' ಎಂದು ಬರೆದು ಒಂದು ಕ್ಷಣ ಪೆನ್ನು ಎತ್ತಿ ಹಿಡಿದರು. ಉಳಿದ ಮೂವರ ಮುಂದೆ 'ತ್ರಿಗ್ಲಾವ್'.

ಐದೂವರೆಗೆ ಬಿಸಿಲು ಇನ್ನೂ ಬೆಚ್ಚಗಿತ್ತು. ಹೊರಗಿನ ಬೆಂಚಿನ ಮೇಲೆ ಗಾಶ್ಪೆರ್ ಮೂರು ಸೊಂಟಪಟ್ಟಿ, ಮೂರು ಹೆಲ್ಮೆಟ್, ಕೊಕ್ಕೆ ಹಗ್ಗಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೂ ಎಳೆದು ನೋಡುತ್ತಿದ್ದ. ಎದುರಿಗೇ, ಶಿಖರಕ್ಕೆ ಮೊದಲು ಸಿಗುವ ಚಿಕ್ಕ ತ್ರಿಗ್ಲಾವ್‌ನ ಬಂಡೆಗೋಡೆ ನಿಂತಿತ್ತು. ಅದರ ಮೇಲೆ ಇಳಿದು ಬರುತ್ತಿದ್ದ ಜನ ಸಕ್ಕರೆ ಡಬ್ಬದ ಇರುವೆಗಳ ಹಾಗೆ ಕಾಣುತ್ತಿದ್ದರು. ಟೋಂಚ್ಕಾ ಮತ್ತು ವಿಂಕೊ ಗೋಡೆಗೆ ಒರಗಿ, ಯಾರು ಯಾರು ಸತ್ತರು ಎಂದು ಮಾತಾಡಿಕೊಳ್ಳುತ್ತಿದ್ದರು.

ನೇಜಾ ಬಂದು ನನ್ನ ತೋಳಿಗೆ ಅಂಟಿ ಕೂತಳು. ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, "ಅಮ್ಮ, ಅಲ್ಲಿ ನಿನಗೆ ಕಾಲು ನಡುಗ್ತಾ?" ಎಂದಳು.

"ಯಾಕೆ ಪುಟ್ಟಿ?"

"ಸುಮ್ನೆ. ಅಪ್ಪಂಗೆ ಕೇಳಿದ್ರೆ ನಗ್ತಾನೆ. ಅಜ್ಜ ಹೆದರೋರ ಕಥೆ ಶುರು ಮಾಡ್ತಾನೆ. ನೀನಂತೂ ಎಲ್ಲಕ್ಕೂ ಹೆದರ್ತೀಯಲ್ಲ. ಲಿಫ್ಟಿಗೂ ಹೆದರ್ತೀಯ. ಆದ್ರೂ ನೀನು ಹೋಗಿ ಬಂದಿದ್ದೀಯ. ಅದಕ್ಕೇ, ನಿನಗೇ ಆಗಿದ್ರೆ ನನಗೂ ಆಗುತ್ತೆ ಅಂದ್ಕೊಂಡಿದ್ದೀನಿ."

ಅವಳ ಕೈ ತಣ್ಣಗಿತ್ತು. ನನ್ನ ಸುಳ್ಳಿನ ಮೇಲೆ ಆ ಮಗು ಕಾಲಿಟ್ಟು ನಿಂತಿತ್ತು. ನಾಳೆ ಆರು ಗಂಟೆಗೆ ಅದರ ಮೇಲೇ ಪೂರ್ತಿ ಭಾರ ಬಿಟ್ಟು ಏರುತ್ತದೆ.

"ನಾನು ಮೇಲೆ ಹೋಗಿಲ್ಲ," ಎಂದೆ.

ನಾನಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು. ಗಾಶ್ಪೆರ್ ತಲೆಯೆತ್ತಿದ.

"ಎಲ್ಲಿಗೆ?"

"ತ್ರಿಗ್ಲಾವ್‌ಗೆ. ಯಾವತ್ತೂ ಹೋಗಿಲ್ಲ. ಎರಡನೇ ಮೊಳೆ ತನಕ ಹೋಗಿದ್ದೆ. ಅಲ್ಲಿ ಅಂಟ್ಕೊಂಡುಬಿಟ್ಟೆ. ಮೇಷ್ಟ್ರು ಇಳಿಸಿದ್ರು."

ಗಾಶ್ಪೆರ್ ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಮತ್ತೆ ಆ ಗೋಪುರ? ನಾಲ್ಕು ಜನ ನಿಂತ್ರೆ ಉಸಿರು ಕಟ್ಟುತ್ತೆ ಅಂತಿದ್ದಿದ್ದು?"

"ಫೋಟೊ."

"ಮೂರು ಏಟು?"

"ಯಾರೂ ಹೊಡೆದಿಲ್ಲ."

"ಅಯ್ಯೋ ದೇವರೇ! ನಾನು ಆರು ಸಲ ಹೋಗಿದ್ದೀನಿ. ಆ ಗೋಪುರಾನ ನನಗಿಂತ ಚೆನ್ನಾಗಿ ವರ್ಣಿಸ್ತಿದ್ದೋಳು ನೀನು!" ಅವನು ಕೈಯಲ್ಲಿದ್ದ ಕೊಕ್ಕೆಯನ್ನು ತೆರೆದು ಮುಚ್ಚಿದ, ತೆರೆದು ಮುಚ್ಚಿದ. "ಹದಿನೈದು ವರ್ಷ, ಮೆಟ್ಕಾ. ನನಗೊಬ್ಬನಿಗಾದ್ರೂ ಹೇಳ್ಬಹುದಿತ್ತಲ್ಲ?"

ಟೋಂಚ್ಕಾ ಒಲೆಯ ಮೇಲೆ ಏನೋ ಇಟ್ಟಿದ್ದು ನೆನಪಾದವಳಂತೆ ಒಳಗೆ ಹೋದಳು. ವಿಂಕೊ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ಕೂತಿದ್ದರು. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಹತ್ತದೇ ಇರೋದು ತಪ್ಪಲ್ಲ," ಎಂದರು. "ನಾಳೆ ಬೆಳಿಗ್ಗೆ ಆ ಮಗೂನ ನಿಮ್ಮ ಮುಂದೆ ಬಿಟ್ಟು ಕಳಿಸ್ತಿದ್ದೆ ನಾನು. ನೀವಿದ್ದೀರಿ ಅಂತ ಧೈರ್ಯವಾಗಿ ಇಲ್ಲಿ ಕೂತು ಚಹಾ ಕುಡೀತಿದ್ದೆ."

ನೀವು. ಎರಡು ಸಾವಿರದ ನಾನೂರು ಮೀಟರ್ ಎತ್ತರದಲ್ಲಿ, ನೀವು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅವರು ಎದ್ದು, ಕುಂಟುತ್ತ ಒಳಗೆ ಹೋದರು. ಕಿಟಕಿಯಿಂದ ಕಂಡಿತು: ಪುಸ್ತಕ ತೆರೆದರು, ಕನ್ನಡಕ ಹುಡುಕಿ ಹಾಕಿಕೊಂಡರು, ನನ್ನ ಹೆಸರಿನ ಮುಂದಿದ್ದ 'ತ್ರಿಗ್ಲಾವ್' ಪದದ ಮೇಲೆ ಒಂದು ಗೆರೆ ಎಳೆದರು.

ಮೊದಲು ಮಾತಾಡಿದವಳು ನೇಜಾ.

"ಅಂದ್ರೆ, ಅರ್ಧದಿಂದ ವಾಪಸ್ ಬರಬಹುದಾ?"

"ಬರಬಹುದು," ಎಂದ ಗಾಶ್ಪೆರ್.

"ಬಂದ್ರೂ ಮನೆಗೆ ಸೇರಿಸ್ಕೋತೀರಾ?"

"ನಿಮ್ಮಮ್ಮನ್ನ ಸೇರಿಸ್ಕೊಂಡಿಲ್ವಾ?"

"ಅವಳು ಸುಳ್ಳು ಹೇಳಿ ಸೇರ್ಕೊಂಡಿದ್ದಲ್ವಾ."

ಗಾಶ್ಪೆರ್‌ಗೆ ನಗು ತಡೆಯಲಾಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ನೇಜಾ ಇಬ್ಬರನ್ನೂ ನೋಡಿ, ತನ್ನ ಕೆಂಪು ಹೆಲ್ಮೆಟ್ ತೆಗೆದು ತಲೆಗಿಟ್ಟು ಪಟ್ಟಿ ಬಿಗಿದುಕೊಂಡಳು. "ನಾನು ಹೋಗಿ ನೋಡ್ತೀನಿ," ಎಂದಳು. "ಬೇಡ ಅನ್ಸಿದ್ರೆ ಹೇಳ್ತೀನಿ. ಅಪ್ಪ, ನೀನು ನಗಬಾರದು."

"ನಗಲ್ಲ."

"ಈಗ ನಗ್ತಿದ್ದೀಯ."

"ಇದು ಬೇರೆ."

ಊಟಕ್ಕೆ ಹೊಗೆ ಹಾಕಿದ ಮಾಂಸದ ಬಾರ್ಲಿ ಗಂಜಿ. ವಿಂಕೊ ನನ್ನ ಎದುರಿಗೇ ಕೂತಿದ್ದರೂ ಬ್ರೆಡ್ ಬೇಕಾದಾಗ ನೇಜಾಳನ್ನು ಕೇಳಿದರು. ಬ್ರೆಡ್ಡಿನ ಬುಟ್ಟಿ ನನ್ನ ಮೊಣಕೈ ಪಕ್ಕದಲ್ಲಿತ್ತು. ಅವಳು ನನ್ನನ್ನು ದಾಟಿ ಕೈಚಾಚಿ ತೆಗೆದುಕೊಟ್ಟಳು.

ಬೆಳಿಗ್ಗೆ ಆರಕ್ಕೆ ಗಾಶ್ಪೆರ್ ನೇಜಾಳ ಸೊಂಟಪಟ್ಟಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತನಗೆ ಬಿಗಿದುಕೊಂಡ. ಹಿಂದೆ ಯಾರೂ ಇಲ್ಲದಿದ್ದರೆ ಹಗ್ಗ ಬೇಕು, ಮತ್ತು ಪ್ರತಿ ಮೊಳೆಯ ಹತ್ತಿರ ಅವನು ತಿರುಗಿ ನಿಂತು ಅವಳ ಕೈಯನ್ನೇ ನೋಡಬೇಕು ಎಂದು ವಿಂಕೊ ಹೇಳಿದ್ದರು. ಗಂಟನ್ನು ತಾವೇ ಎರಡು ಸಲ ಎಳೆದು ನೋಡಿದರು. ನಾನು ಮೂರನೆಯ ಸಲ ಎಳೆದು ನೋಡಿದೆ.

"ಅಮ್ಮ, ಟಾಟಾ ಮಾಡ್ಬೇಡ," ಎಂದಳು ನೇಜಾ. "ಮಾಡಿದ್ರೆ ತಿರುಗಿ ನೋಡ್ಬೇಕು ಅನ್ಸುತ್ತೆ."

ಮಾಡಲಿಲ್ಲ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ. ಅವರಿಬ್ಬರೂ ಜಲ್ಲಿಯ ಇಳಿಜಾರನ್ನು ದಾಟಿ ಗೋಡೆಯ ಬುಡ ತಲುಪಿದರು. ನಾನು ಬೆಂಚಿನ ಈ ತುದಿಯಲ್ಲಿ, ವಿಂಕೊ ಆ ತುದಿಯಲ್ಲಿ. ಬೈನಾಕ್ಯುಲರ್ ಅವರ ಕೊರಳಲ್ಲಿತ್ತು. ನಾನು ಕೇಳಲಿಲ್ಲ.

ಕೆಂಪು ಚುಕ್ಕಿ ಗೋಡೆಯನ್ನು ಹಿಡಿಯಿತು. ಸ್ವಲ್ಪ ಏರಿತು. ನಿಂತಿತು.

ಎಷ್ಟು ಹೊತ್ತು ನಿಂತಿತೋ ಗೊತ್ತಿಲ್ಲ. ನನ್ನ ಬೆರಳುಗಳು ಬೆಂಚಿನ ಅಂಚನ್ನು ಹಿಡಿದಿದ್ದವು, ಅಂದು ಮೊಳೆಯನ್ನು ಹಿಡಿದಂತೆಯೇ. ವಿಂಕೊ ಬೈನಾಕ್ಯುಲರ್ ಕಣ್ಣಿಂದ ತೆಗೆಯದೆ, ಗಾಳಿಗೆ ಹೇಳುವ ಹಾಗೆ ಹೇಳಿದರು: "ಮಾತಾಡ್ತಿದ್ದಾಳೆ. ಅವನು ಕೂತಿದ್ದಾನೆ. ಆತುರ ಮಾಡ್ತಿಲ್ಲ." ಮತ್ತೆ ಸ್ವಲ್ಪ ಹೊತ್ತಿಗೆ, "ಕೊಕ್ಕೆ ಒಂದು ಬದಲಾಯಿಸಿದ್ಲು. ಇನ್ನೊಂದು. ಸರಿಯಾಗಿದೆ."

ಚುಕ್ಕಿ ಮೇಲೆ ಹೋಯಿತು. ಅಷ್ಟರಲ್ಲಿ ಆ ಬದಿಯಿಂದ ಮೋಡ ಬಂತು. ಯಾವ ಹಳದಿ ಸೂರ್ಯನ ಚೌಕದಲ್ಲೂ ಇರದ, ಬೆಳಗಿನ ತೆಳು ಮೋಡ. ಗೋಡೆಯ ಮೇಲಿನ ಅರ್ಧವನ್ನು ಒರೆಸಿದಂತೆ ಮುಚ್ಚಿಬಿಟ್ಟಿತು.

ನಾನು ಎದ್ದು ನಿಂತೆ.

"ಮಳೆ ಮೋಡ ಅಲ್ಲ," ಎಂದರು ವಿಂಕೊ. "ಹತ್ತು ಗಂಟೆಗೆ ಚದುರುತ್ತೆ."

"ಅವರು ಕಾಣಿಸ್ತಿಲ್ಲ."

"ಕಾಣಿಸಿದ್ರೆ ನೀವೇನು ಮಾಡ್ತಿದ್ರಿ?"

ಕೂತೆ. ಮೋಡವನ್ನೇ ನೋಡಿದೆ. ನೋಡಲು ಏನೂ ಇಲ್ಲದಿದ್ದರೂ ಕಣ್ಣು ತೆಗೆದರೆ ಏನಾದರೂ ಆಗಿಬಿಡುತ್ತದೆ ಎಂಬ ಮೂಢನಂಬಿಕೆ ನನ್ನದು. ನೇಜಾ ತೊಟ್ಟಿಲಲ್ಲಿದ್ದಾಗಲೂ ಹೀಗೇ ಅವಳ ಉಸಿರನ್ನು ಕಾದಿದ್ದೆ. ಕಾಲು ಗಂಟೆ ಕಳೆದಿರಬೇಕು.

"ಯಾವ ಕೈ?" ಎಂದು ವಿಂಕೊ ಕೇಳಿದರು.

"ಏನು?"

"ಆವತ್ತು. ಎರಡನೇ ಮೊಳೆ. ಯಾವ ಕೈಯಲ್ಲಿ ಹಿಡ್ಕೊಂಡಿದ್ರಿ?"

ಹಾಸ್ಯವಲ್ಲ. ದಳದಲ್ಲಿದ್ದಾಗ ಇಳಿಸಿದವರನ್ನು ಹೀಗೇ ಕೇಳುತ್ತಿದ್ದಿರಬೇಕು. ಅದೇ ದನಿ, ಅವಸರವಿಲ್ಲದ್ದು.

"ಎರಡೂ ಕೈಯಲ್ಲಿ," ಎಂದೆ. "ಅಪ್ಪಿಕೊಂಡಿದ್ದೆ. ಎದೆ ಬಂಡೆಗೆ ಒತ್ತಿತ್ತು. ಕೆನ್ನೆ ಕೂಡ."

"ಕಾಲು?"

"ಗೊತ್ತಿಲ್ಲ. ಕಾಲು ಕಾಣ್ತಿರಲಿಲ್ಲ."

"ಅದೇ. ಬಂಡೆಗೆ ಅಂಟಿದ್ರೆ ಕಾಲು ಕಾಣಲ್ಲ. ಯಾರೂ ಹೇಳಿಕೊಡಲಿಲ್ವಾ?"

"ಕೆಳಗೆ ನೋಡ್ಬೇಡ ಅಂತ ಹೇಳಿದ್ರು."

"ಕತ್ತೆಗಳು." ಅವರು ಮೊದಲ ಸಲ ನನ್ನ ಕಡೆ ತಿರುಗಿದರು. "ಮತ್ತೆ?"

ನಾನು ಹೇಳಿದೆ. ಅಷ್ಟು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಒಂದು ಪದವನ್ನೂ ಮೃದು ಮಾಡದೆ ಹೇಳಿದೆ. ಹಿಂದಿದ್ದ ಹನ್ನೆರಡು ಜನ, ಅವರಲ್ಲಿ ಒಬ್ಬಳು ಕಿಸಕ್ಕೆಂದದ್ದು, ಪ್ಯಾಂಟು ಒದ್ದೆಯಾದದ್ದು, ಮೇಷ್ಟ್ರ ಕೈಗೆ ಕಚ್ಚಿದ್ದು. ಆ ಭಾನುವಾರದ ಊಟದ ಕಥೆಗಳನ್ನೂ ಹೇಳಿದೆ. ಎಲ್ಲರೂ ನಕ್ಕಿದ್ದನ್ನು, ನಾನೂ ನಕ್ಕಿದ್ದನ್ನು.

ವಿಂಕೊ ಬಹಳ ಹೊತ್ತು ಬೈನಾಕ್ಯುಲರಿನ ಪಟ್ಟಿಯನ್ನು ಬೆರಳಿಗೆ ಸುತ್ತಿದರು.

"ಆ ಕಥೆಗಳನ್ನ ನಾನು ನಗಿಸೋಕೆ ಹೇಳ್ತಿದ್ದೆ," ಎಂದರು. "ನಗದೇ ಹೇಳೋಕೆ ಬರ್ತಿರಲಿಲ್ಲ ನನಗೆ. ಕೆಲವರನ್ನ ಇಳಿಸೋಕೆ ಆಗಿಲ್ಲ."

ಅವರು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಬೆಂಚಿನ ಕೆಳಗೆ ಮೂರನೆಯ ಸೊಂಟಪಟ್ಟಿ ಹಾಗೇ ಬಿದ್ದಿತ್ತು. ವಿಂಕೊ ಅದನ್ನು ಕೋಲಿನ ತುದಿಯಿಂದ ಎಳೆದು ನನ್ನ ಕಾಲ ಬಳಿ ಹಾಕಿದರು.

"ಹಾಕ್ಕೋ."

"ಮಾವ, ನಾನು ಮೇಲಕ್ಕೆ..."

"ಮೇಲಕ್ಕೆ ಯಾರು ಕರೆದ್ರು ನಿನ್ನ? ಮನೆ ಹಿಂದೆ ಬಾ. ಮೋಡಾನ ನೀನು ಕಾಯಬೇಕಾಗಿಲ್ಲ, ಅದು ತಾನೇ ಇರುತ್ತೆ."

ತಂಗುಮನೆಯ ಹಿಂದೆ ಎರಡಾಳು ಎತ್ತರದ ಒಂದು ಬಂಡೆಯಿದೆ. ಮಕ್ಕಳಿಗೆ ಕಲಿಸಲೆಂದು ಅದರ ಮೇಲೆ ಅಡ್ಡಡ್ಡ ಉಕ್ಕಿನ ತಂತಿ, ಐದು ಮೊಳೆ ಹೊಡೆದಿದ್ದಾರೆ. ಕೆಳಗೆ ಹುಲ್ಲು, ಪಕ್ಕದಲ್ಲಿ ಟೋಂಚ್ಕಾಳ ಬಟ್ಟೆ ಒಣಹಾಕುವ ಹಗ್ಗ. ಐದು ವರ್ಷದ ಮಗುವೂ ಹತ್ತುವಂಥದ್ದು. ಮೊದಲ ಮೊಳೆಯ ಮೇಲೆ ಕಾಲಿಟ್ಟ ಕೂಡಲೇ ನನ್ನ ಮಂಡಿ ಹೊಲಿಗೆ ಯಂತ್ರದಂತೆ ನಡುಗತೊಡಗಿತು.

"ನಡುಗಲಿ ಬಿಡು," ಎಂದರು ವಿಂಕೊ ಕೆಳಗಿನಿಂದ. "ಹಿಮ್ಮಡಿ ಕೆಳಗಿಳಿಸು. ಹಾಂ. ಈಗ ಕೈ ಚಾಚು, ಎದೆ ಹಿಂದಕ್ಕೆ. ಬಂಡೆ ನಿನ್ನ ಗಂಡ ಅಲ್ಲ, ಅಪ್ಕೋಬೇಡ."

"ಬಿದ್ದುಹೋಗ್ತೀನಿ."

"ಬಿದ್ರೆ ಟೋಂಚ್ಕಾಳ ದಿಂಬಿನ ಕವರ್ ಮೇಲೆ ಬೀಳ್ತೀಯ. ಕೆಳಗೆ ನೋಡು."

"ಕೆಳಗಾ?"

"ಕಾಲಿಡೋ ಜಾಗ ಇನ್ನೆಲ್ಲಿರುತ್ತೆ?"

ನೋಡಿದೆ. ನನ್ನ ಬೂಟು ಕಂಡಿತು. ಬೂಟಿನ ಎಡಗಡೆ ಎರಡು ಬೆರಳಗಲದ ಒಂದು ಮೆಟ್ಟು, ಅದರಾಚೆ ಇನ್ನೊಂದು. ಅಲ್ಲೆಲ್ಲ ಯಾರೋ ನನಗಿಂತ ಮೊದಲು ಹೆಜ್ಜೆಯಿಟ್ಟು ಸವೆಸಿದ ಹೊಳಪಿತ್ತು. ಕಾಲು ಸರಿಸಿದೆ. ಒಂದು ಕೊಕ್ಕೆ ತೆಗೆದು ಮೊಳೆಯಾಚೆ ಹಾಕಿದೆ, ಅದು ಟಕ್ಕೆಂದಿತು. ಆಮೇಲೆ ಇನ್ನೊಂದು. ಐದನೆಯ ಮೊಳೆಯ ತನಕ ಹೋಗಿ ಇಳಿದೆ.

"ಮತ್ತೆ," ಎಂದರು.

ಮತ್ತೆ ಹೋದೆ. ಎರಡನೆಯ ಸಲ ಮಂಡಿ ಕಡಿಮೆ ನಡುಗಿತು. ಮೂರನೆಯ ಸಲ ಹೆಚ್ಚು ನಡುಗಿತು, ಯಾಕೋ ಗೊತ್ತಿಲ್ಲ. ನಡುವೆಯೇ ಅಂಟಿಕೊಂಡೆ, ಕೆನ್ನೆಗೆ ತಣ್ಣನೆಯ ಕಲ್ಲು ತಾಗಿತು. ವಿಂಕೊ ಹತ್ತಿರ ಬಂದು ನನ್ನ ಬಲಪಾದವನ್ನು ಹಿಡಿದು ಮೆಟ್ಟಿನ ಮೇಲಿಟ್ಟು, ಅಲ್ಲೇ ಅದುಮಿ ಹಿಡಿದರು. ನಾನು ಉಸಿರು ಬಿಡುವ ತನಕ ಅವರ ಅಂಗೈ ಅಲ್ಲೇ ಇತ್ತು. ಏಳೋ ಎಂಟೋ ಸಲ ಹೋಗಿರಬೇಕು. ಟೋಂಚ್ಕಾ ಬಕೆಟ್ ಹಿಡಿದು ಬಂದವಳು ನಿಂತು ನೋಡಿ, "ಸಣ್ಣ ಮಗುವಿಗಿಂತ ನಿಧಾನ, ಆದ್ರೆ ಕೊಕ್ಕೆ ಸರಿಯಾಗಿ ಹಾಕ್ತಾಳೆ" ಎಂದು ಹೋದಳು. ಬಿಸಿಲು ಬೆನ್ನಿಗೆ ಬಿತ್ತು. ಬಿಸಿಲು ಬಿದ್ದಿದೆ ಎಂದರೆ ಮೋಡ ಹೋಗಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಮೂರನೆಯ ಮತ್ತು ನಾಲ್ಕನೆಯ ಮೊಳೆಯ ನಡುವೆ ಇದ್ದಾಗ ಹಿಂದಿನಿಂದ ಓಡಿ ಬರುವ ಹೆಜ್ಜೆ ಕೇಳಿಸಿತು.

"ಅಮ್ಮಾ! ಹೋಗಿ ಬಂದೆ! ಅಪ್ಪ ಮೂರರ ಬದಲು ನಾಲ್ಕು ಹೊಡೆದ, ಮೋಸ! ಗೋಪುರದೊಳಗೆ ಇಬ್ಬರು ನಿಂತ್ರೇ ಉಸಿರು ಕಟ್ಟುತ್ತೆ ಅಮ್ಮ, ನಾಲ್ಕಲ್ಲ! ಅಮ್ಮ, ಕೇಳಿಸ್ತಾ?"

"ಕೇಳಿಸ್ತು. ಒಂದು ನಿಮಿಷ ಇರು, ಒಂದು ಕೊಕ್ಕೆ ತೆಗೆದಿದ್ದೀನಿ."

"ನಾವು ಇಳಿದು ಬಂದಿದ್ದು ನೋಡಿದ್ಯಾ? ಕೊನೇ ಗೋಡೆ ಮೇಲೆ ನಾನೇ ಮುಂದಿದ್ದೆ! ನೋಡಿದ್ಯಲ್ಲ?"

ನಾನು ನನ್ನ ಎಡಗಾಲನ್ನು ನೋಡುತ್ತಿದ್ದೆ. ಅದು ಜಾಗದಲ್ಲಿತ್ತು.

"ಇಲ್ಲ ಕಣೆ," ಎಂದೆ. "ನೋಡಲಿಲ್ಲ."